ಫುಟೇಜ್ ಯಾರ ಕೈಯಲ್ಲಿದೆ?
(ದತ್ತಿ ಉಪನ್ಯಾಸದ ಮುದ್ರಿತ ಪಾಠ)



2013ರ ನವೆಂಬರ್ 19ರ ಬೆಳಗ್ಗೆ ಬೆಂಗಳೂರಿನ ಪಾಲಿಕೆ ಕಚೇರಿಯ ಸಮೀಪದ ಒಂದು ಎಟಿಎಂ ಒಳಗೆ ನಡೆದದ್ದನ್ನು ನಿಮ್ಮಲ್ಲಿ ಬಹಳ ಜನ ಟಿವಿಯಲ್ಲಿ ನೋಡಿದ್ದೀರಿ. ಹಣ ತೆಗೆಯಲು ಹೋದ ಬ್ಯಾಂಕ್ ಉದ್ಯೋಗಿ ಮಹಿಳೆಯ ಹಿಂದೆಯೇ ಒಬ್ಬ ಒಳಹೊಕ್ಕ, ಶಟರ್ ಎಳೆದ, ಮಚ್ಚು ತೆಗೆದ. ಕ್ಯಾಮೆರಾ ಎಲ್ಲವನ್ನೂ ಚೆನ್ನಾಗಿಯೇ ಹಿಡಿಯಿತು. ಮುಖ ಸ್ಪಷ್ಟ, ಬಟ್ಟೆ ಸ್ಪಷ್ಟ, ಹೊತ್ತು ಸ್ಪಷ್ಟ. ದೇಶವೇ ಆ ಮುಖವನ್ನು ನೋಡಿತು. ಅವನು ಸಿಕ್ಕಿದ್ದು 2017ರ ಫೆಬ್ರುವರಿಯಲ್ಲಿ, ಆಂಧ್ರದ ಮದನಪಲ್ಲಿಯಲ್ಲಿ. ಮೂರು ವರ್ಷಕ್ಕೂ ಮಿಕ್ಕಿ ಅವನು ಓಡಾಡಿಕೊಂಡೇ ಇದ್ದ.

ಈ ಪ್ರಕರಣವನ್ನು ಕ್ಯಾಮೆರಾ ಬೇಡ ಎನ್ನುವವರೂ ಬಳಸುತ್ತಾರೆ, ಬೇಕು ಎನ್ನುವವರೂ ಬಳಸುತ್ತಾರೆ. ಇಬ್ಬರ ಮಾತಿನಲ್ಲೂ ಸತ್ಯವಿದೆ. ತಲೆಯ ಮೇಲಿದ್ದ ಕ್ಯಾಮೆರಾ ಮಚ್ಚನ್ನು ತಡೆಯಲಿಲ್ಲ. ಆ ಹೊತ್ತಿಗೆ ಅಲ್ಲೊಬ್ಬ ಕಾವಲುಗಾರ ಇದ್ದಿದ್ದರೆ ಬಹುಶಃ ತಡೆಯುತ್ತಿದ್ದ. ಆದರೆ ವರ್ಷಗಳ ಮೇಲೆ ಒಬ್ಬ ಸಿಕ್ಕಾಗ ಇವನೇ ಅವನು ಎಂದು ಗುರುತು ಹಿಡಿಯಲು ಆ ಚಿತ್ರ ಬೇಕಿತ್ತು. 2024ರ ಮಾರ್ಚ್ 1ರಂದು ಬ್ರೂಕ್‌ಫೀಲ್ಡ್‌ನ ರಾಮೇಶ್ವರಂ ಕೆಫೆಯಲ್ಲಿ ಬಾಂಬ್ ಸಿಡಿದಾಗಲೂ ಹೀಗೇ ಆಯಿತು. ಟೋಪಿ ಹಾಕಿದವನು ಬ್ಯಾಗ್ ಇಟ್ಟು ಹೋಗುವುದನ್ನು ಕ್ಯಾಮೆರಾ ಕಂಡಿತು, ಆದರೆ ಬಾಂಬ್ ಸಿಡಿಯಿತು. ಮುಂದೆ ಅಂಗಡಿ, ರಸ್ತೆ, ಬಸ್ಸುಗಳ ಚಿತ್ರಗಳನ್ನು ಒಂದಕ್ಕೊಂದು ಜೋಡಿಸಿಯೇ ತನಿಖೆಯವರು ಅವನ ಜಾಡು ಹಿಡಿದರು. ಏಪ್ರಿಲ್ 12ಕ್ಕೆ ಪಶ್ಚಿಮ ಬಂಗಾಳದಲ್ಲಿ ಬಂಧನವಾಯಿತು.

ಆಗುವುದನ್ನು ತಡೆಯುವುದು ಒಂದು ಕೆಲಸ, ಆದಮೇಲೆ ಹುಡುಕುವುದು ಇನ್ನೊಂದು. ಬಡಾವಣೆಯ ಸಂಘಗಳು ಹಣ ಎತ್ತುವುದು ಮೊದಲನೆಯದರ ಹೆಸರಿನಲ್ಲಿ. ಕ್ಯಾಮೆರಾ ಮಾಡುವುದು ಬಹುಪಾಲು ಎರಡನೆಯದನ್ನು.

ಬ್ರಿಟನ್ನಿನವರು ಇದರಲ್ಲಿ ನಮಗಿಂತ ಹಳಬರು. ಸ್ಥಳೀಯ ಆಡಳಿತವೇ ಊರ ನಡುವೆ ಕ್ಯಾಮೆರಾ ಹಾಕಿದ್ದು 1987ರಲ್ಲಿ, ಕಿಂಗ್ಸ್ ಲಿನ್ ಎಂಬ ಪಟ್ಟಣದಲ್ಲಿ ಶುರುವಾಯಿತು ಎನ್ನುತ್ತಾರೆ. ಮುಂದೆ ಸರ್ಕಾರ ಅದಕ್ಕೆ ಧಾರಾಳವಾಗಿ ಹಣ ಸುರಿಯಿತು. ಸುರಿದ ಮೇಲೆ ಲೆಕ್ಕ ಕೇಳುವ ಬುದ್ಧಿಯೂ ಅವರಿಗಿತ್ತು. ಅಲ್ಲಿನ ಗೃಹ ಇಲಾಖೆ 2005ರಲ್ಲಿ ಹೊರತಂದ ಅಧ್ಯಯನ 14 ವ್ಯವಸ್ಥೆಗಳನ್ನು ಪರಿಶೀಲಿಸಿತು. ಕ್ಯಾಮೆರಾ ಇಲ್ಲದ ನೆರೆಯ ಪ್ರದೇಶಗಳೊಡನೆ ಹೋಲಿಸಿದಾಗ ಅಪರಾಧ ನಿಚ್ಚಳವಾಗಿ ಇಳಿದದ್ದು ಎರಡೇ ಕಡೆ. 2019ರಲ್ಲಿ ನಲವತ್ತು ವರ್ಷಗಳ ಸಂಶೋಧನೆಯನ್ನೆಲ್ಲ ಒಟ್ಟು ಮಾಡಿ ತೂಗಿದ ಒಂದು ಸಮೀಕ್ಷೆ ಬಂತು. ಅದರ ಪ್ರಕಾರ ಇಳಿಕೆ ಇದೆ, ಆದರೆ ಸಾಧಾರಣ, ಶೇ. 13ರ ಆಸುಪಾಸು. ಅತಿ ಹೆಚ್ಚು ಪ್ರಯೋಜನ ಕಂಡದ್ದು ವಾಹನ ನಿಲುಗಡೆ ತಾಣಗಳಲ್ಲಿ. ಮನೆಗಳಿರುವ ಪ್ರದೇಶಗಳಲ್ಲೂ ಕೊಂಚ ಇದೆ. ಹೊಡೆದಾಟ, ಹಲ್ಲೆಯಂಥ ಹಿಂಸೆಯ ಅಪರಾಧಗಳ ಮೇಲೆ ಹೇಳಿಕೊಳ್ಳುವಂಥ ಪರಿಣಾಮವಿಲ್ಲ. ಪರದೆಯ ಮುಂದೆ ಮನುಷ್ಯರು ಕೂತು ನೋಡುತ್ತಿದ್ದರೆ, ಜೊತೆಗೆ ಬೇರೆ ಕ್ರಮಗಳೂ ಇದ್ದರೆ ಫಲ ಹೆಚ್ಚು.

ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ. ಬೈಕ್ ಕದಿಯುವವನು ಲೆಕ್ಕ ಹಾಕುತ್ತಾನೆ, ಕ್ಯಾಮೆರಾ ಕಂಡರೆ ಮುಂದಿನ ಬೀದಿಗೆ ಹೋಗುತ್ತಾನೆ. ಕುಡಿದ ಮತ್ತಿನಲ್ಲಿ ಚಾಕು ಎತ್ತುವವನು ತಲೆಯೆತ್ತಿ ಕಂಬ ನೋಡುವುದಿಲ್ಲ. ಇನ್ನು ಪರದೆಯ ಮುಂದೆ ಕೂರುವವರು? ನಮ್ಮ ಬಹುತೇಕ ಬಡಾವಣೆಗಳಲ್ಲಿ ಪರದೆ ಇರುವುದು ಸಂಘದ ಕೋಣೆಯಲ್ಲಿ, ಇಲ್ಲವೇ ಕಾರ್ಯದರ್ಶಿಗಳ ಮೊಬೈಲಿನಲ್ಲಿ. ಕೋಣೆಗೆ ಬೀಗ, ಮೊಬೈಲಿಗೆ ನಿದ್ದೆ. ವಾಚ್‌ಮನ್ ಸಂಬಳ ಉಳಿಯುತ್ತದೆ ಎಂಬ ವಾದಕ್ಕೇ ಎಷ್ಟೋ ಕಡೆ ಕ್ಯಾಮೆರಾ ಬಂದಿದೆ. ಅಂದರೆ ಫಲ ಕೊಡುವ ಭಾಗವನ್ನು ಕೈಬಿಟ್ಟು ಉಳಿದದ್ದನ್ನು ಕೊಂಡಿದ್ದೇವೆ.

ಹಾಗಾದರೆ ಇಷ್ಟೊಂದು ಕ್ಯಾಮೆರಾ ಬಂದದ್ದು ಹೇಗೆ? ಸ್ವಲ್ಪ ಕಾನೂನು, ಸ್ವಲ್ಪ ಭಯ, ಬಹಳಷ್ಟು ಅಗ್ಗದ ಬೆಲೆ. 2013ರ ಹೈದರಾಬಾದ್ ಸ್ಫೋಟಗಳ ವರ್ಷವೇ ಆಂಧ್ರ ಒಂದು ಸಾರ್ವಜನಿಕ ಸುರಕ್ಷತಾ ಕಾಯ್ದೆ ತಂದಿತು. ಅದೇ ಜಾಡಿನಲ್ಲಿ ನಮ್ಮ ಕರ್ನಾಟಕ ಸಾರ್ವಜನಿಕ ಸುರಕ್ಷತಾ (ಕ್ರಮಗಳ) ಜಾರಿ ಕಾಯ್ದೆ 2017ರಲ್ಲಿ ಬಂತು. ಒಂದೇ ಹೊತ್ತಿಗೆ ನೂರು ಜನ, ಅಥವಾ ದಿನಕ್ಕೆ ಐನೂರು ಜನ ಸೇರುವ ಜಾಗಗಳು ಕ್ಯಾಮೆರಾ ಹಾಕಬೇಕು, 30 ದಿನ ಚಿತ್ರ ಉಳಿಸಿಕೊಳ್ಳಬೇಕು, ಪೊಲೀಸರು ಕೇಳಿದಾಗ ಕೊಡಬೇಕು. ಇನ್ನೊಂದು ಕಡೆ ನಿರ್ಭಯಾ ನಿಧಿಯಿಂದ ಎಂಟು ನಗರಗಳಿಗೆ ‘ಸೇಫ್ ಸಿಟಿ’ ಯೋಜನೆ ಮಂಜೂರಾಯಿತು. ಬೆಂಗಳೂರಿನ ಪಾಲು ಸುಮಾರು 667 ಕೋಟಿ ರೂಪಾಯಿ. ಏಳು ಸಾವಿರಕ್ಕೂ ಹೆಚ್ಚು ಕ್ಯಾಮೆರಾಗಳು, ಅವನ್ನೆಲ್ಲ ನೋಡುವ ಕಮಾಂಡ್ ಸೆಂಟರ್. ಈ ಎರಡರ ನಡುವಿನ ಜಾಗ, ಅಂದರೆ ನಮ್ಮ ಅಡ್ಡರಸ್ತೆಗಳು, ಸರ್ಕಾರದ ಹಣಕ್ಕೂ ಕಾಯ್ದೆಗೂ ನೇರವಾಗಿ ಸಿಗದ ಜಾಗ. ಅಲ್ಲಿಗೆ ನೆರೆಹೊರೆಯವರು ಚಂದಾ ಎತ್ತಿ ಹಾಕಿದರು. ತೆಲಂಗಾಣದಲ್ಲಿ ಪೊಲೀಸರೇ ‘ನೇನು ಸೈತಂ’, ಅಂದರೆ ‘ನಾನೂ ಸಹ’ ಎಂಬ ಹೆಸರಿಟ್ಟು ಇದನ್ನು ಒಂದು ಅಭಿಯಾನವನ್ನಾಗಿ ಮಾಡಿದರು. ನಮ್ಮಲ್ಲಿ ಇನ್‌ಸ್ಪೆಕ್ಟರ್ ಸಾಹೇಬರು ಸಂಘದ ಸಭೆಗೆ ಬಂದು ಎರಡು ಮಾತು ಹೇಳಿ ಹೋದರೆ ಸಾಕು.

ಈ ಅಡ್ಡರಸ್ತೆಯ ಕ್ಯಾಮೆರಾದ ಮೇಲೆಯೇ ನನ್ನ ಉಳಿದ ಮಾತು. ಸರ್ಕಾರ ನಮ್ಮನ್ನು ನೋಡುವುದರ ಬಗ್ಗೆ ಮಾತಾಡುವವರು ಇದ್ದಾರೆ, ಇರಬೇಕು. ನಾವು ಒಬ್ಬರನ್ನೊಬ್ಬರು ನೋಡುವುದರ ಬಗ್ಗೆ ಮಾತು ಕಡಿಮೆ, ಏಕೆಂದರೆ ಅಲ್ಲಿ ಆರೋಪಿಯ ಜಾಗದಲ್ಲಿ ನಾವೇ ನಿಲ್ಲಬೇಕಾಗುತ್ತದೆ.

ಬೆಳಗ್ಗೆ ಐದೂವರೆಗೆ ಹೆಣ್ಣುಮಕ್ಕಳು ಬಾಗಿಲಿಗೆ ನೀರು ಹಾಕಿ ರಂಗೋಲಿ ಇಡುವ ಹೊತ್ತು ಸರಗಳ್ಳರಿಗೂ ಪ್ರಿಯವಾದ ಹೊತ್ತು. ಆದ್ದರಿಂದ ಕ್ಯಾಮೆರಾ ಬೇಕು ಎಂದರೆ ನಾನು ವಾದಿಸುವುದಿಲ್ಲ. ಆದರೆ ಅದೇ ಕ್ಯಾಮೆರಾ ಎದುರುಮನೆಯ ಹೆಂಗಸು ನೈಟಿಯಲ್ಲಿ ಬಾಗಿ ರಂಗೋಲಿ ಇಡುವುದನ್ನು ವರ್ಷವಿಡೀ ದಿನಾ ಹಿಡಿಯುತ್ತದೆ. ಅದನ್ನು ನೋಡುವ ಹಕ್ಕು ಇರುವುದು ಕ್ಯಾಮೆರಾ ಇರುವ ಮನೆಯ ಯಾವುದೋ ಹುಡುಗನಿಗೆ. ಆಕೆಯನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಬಹುಶಃ ಒಪ್ಪುತ್ತಿದ್ದಳು, ಕೋನ ಸ್ವಲ್ಪ ತಿರುಗಿಸಿ ಎನ್ನುತ್ತಿದ್ದಳು. ಪಿಜಿಯ ಹುಡುಗಿ ಯಾರ ಬೈಕಿನಲ್ಲಿ ಬಂದಿಳಿದಳು, ಬಾಡಿಗೆಯವರ ಮನೆಗೆ ಮೊನ್ನೆ ಯಾವ ಮಾಂಸದ ಅಂಗಡಿಯ ಚೀಲ ಬಂತು, ಮೂರನೇ ಮನೆಯ ಮಗ ಎಷ್ಟು ಹೊತ್ತಿಗೆ ಬಂದ ಎಂಬುದನ್ನೆಲ್ಲ ಕಳ್ಳತನ ತಡೆಯಲು ಯಾರೂ ನೋಡುವುದಿಲ್ಲ. ಆದರೂ ನೋಡುತ್ತಾರೆ. ಮೊದಲು ಕಿಟಕಿಯ ಹಿಂದೆ ನಿಂತು ನೋಡುವವರಿಗೆ ಕಾಲು ನೋಯುತ್ತಿತ್ತು, ಅಷ್ಟಾದರೂ ಮಿತಿಯಿತ್ತು.

ನೋಡುವುದಕ್ಕಿಂತ ಅಪಾಯಕಾರಿಯಾದದ್ದು ಹಂಚುವುದು. ‘ಇವನನ್ನು ಗಮನಿಸಿ, ನಮ್ಮ ರಸ್ತೆಯಲ್ಲಿ ಎರಡು ಸಲ ಓಡಾಡಿದ್ದಾನೆ’ ಎಂಬ ಸಾಲಿನ ಜೊತೆ ಹದಿನೈದು ಸೆಕೆಂಡಿನ ತುಣುಕು ವಾಟ್ಸ್‌ಆ್ಯಪ್ ಗುಂಪಿಗೆ ಬೀಳುತ್ತದೆ. ಅವನು ವಿಳಾಸ ಹುಡುಕುತ್ತಿದ್ದ ಕೊರಿಯರ್ ಹುಡುಗನಿರಬಹುದು. ಬೂದು ಬಣ್ಣದ, ಮೇಲಿನಿಂದ ತೆಗೆದ, ಮೂಲೆಯಲ್ಲಿ ತಾರೀಖು ಓಡುವ ಚಿತ್ರಕ್ಕೆ ನಾವು ಕೊಡುವ ನಂಬಿಕೆಯನ್ನು ಕಣ್ಣಾರೆ ಕಂಡವನ ಮಾತಿಗೂ ಕೊಡುವುದಿಲ್ಲ. 2018ರಲ್ಲಿ ಇದರ ಬೆಲೆ ತೆತ್ತಿದ್ದೇವೆ. ಆ ವರ್ಷ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವದಂತಿಯ ಜೊತೆ ಒಂದು ವಿಡಿಯೋ ಹರಿದಾಡಿತು. ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವ ದೃಶ್ಯ, ಥೇಟು ಸಿಸಿಟಿವಿ ಚಿತ್ರದ ಹಾಗೆ. ಅದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಬಗ್ಗೆ ಜಾಗೃತಿ ಮೂಡಿಸಲು ನಟರಿಂದ ಮಾಡಿಸಿದ ಚಿತ್ರ. ಕೊನೆಯಲ್ಲಿ ಮಗುವನ್ನು ಮರಳಿಸಿ ಸಂದೇಶ ತೋರಿಸುವ ಭಾಗವನ್ನು ಯಾರೋ ಕತ್ತರಿಸಿದ್ದರು. ಆ ವದಂತಿಯ ಬಿಸಿಯಲ್ಲಿ ಮೇ ತಿಂಗಳಲ್ಲಿ ಬೆಂಗಳೂರಿನ ಬೀದಿಯಲ್ಲಿ ಕೂಲಿ ಅರಸಿ ಬಂದ ರಾಜಸ್ಥಾನದ ಒಬ್ಬನನ್ನು ಜನ ಹೊಡೆದು ಕೊಂದರು. ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟು ಕೊಟ್ಟದ್ದೇ ನೆಪವಾಗಿ, ಹೈದರಾಬಾದಿನ ಎಂಜಿನಿಯರ್ ಒಬ್ಬರ ಪ್ರಾಣ ಹೋಯಿತು. ಕ್ಯಾಮೆರಾ ತೆಗೆಯದ ಚಿತ್ರವೊಂದು ಕ್ಯಾಮೆರಾದ ವೇಷ ಹಾಕಿದ್ದಕ್ಕೇ ಇಷ್ಟು ಬಲ ಬಂತು. ಸಂಘದ ಗುಂಪಿನಲ್ಲಿ ತುಣುಕು ಹಾಕುವ ಮುನ್ನ ಮುರ್ಕಿಯನ್ನು ನೆನೆಯಿರಿ ಎಂದು ನಾನು ಎಲ್ಲ ಕಡೆ ಹೇಳುತ್ತಾ ಬಂದಿದ್ದೇನೆ. ಕೇಳಿದವರು ಕಡಿಮೆ.

ಇನ್ನು ಕಾನೂನಿಗೆ ಬರೋಣ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದು 2017ರ ಆಗಸ್ಟ್ 24ರಂದು. ಆ ಪ್ರಕರಣಕ್ಕೆ ಹೆಸರು ಕೊಟ್ಟವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ವಿರುದ್ಧ ಅರ್ಜಿ ಹಾಕಿದವರು. 2024ರ ಅಕ್ಟೋಬರಿನಲ್ಲಿ ತೀರಿಕೊಂಡರು. ಆ ತೀರ್ಪು ಒಂದು ಅಳತೆಗೋಲು ಕೊಟ್ಟಿತು: ಖಾಸಗಿತನದೊಳಗೆ ಕೈಹಾಕುವವರಿಗೆ ಕಾನೂನಿನ ಆಧಾರವಿರಬೇಕು, ನ್ಯಾಯವಾದ ಉದ್ದೇಶವಿರಬೇಕು, ಕೈಹಾಕುವ ಪ್ರಮಾಣ ಆ ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು. ಆದರೆ ಈ ಗೋಲು ಮುಖ್ಯವಾಗಿ ಸರ್ಕಾರದ ಮುಂದೆ ಹಿಡಿಯುವಂಥದ್ದು. ಕ್ಷೇಮಾಭಿವೃದ್ಧಿ ಸಂಘದ ಖಜಾಂಚಿಯ ಮುಂದೆ ಹಿಡಿಯಲು ಬೇರೆ ಕಾಯ್ದೆ ಬೇಕಿತ್ತು.

ಅದು ಬಂದದ್ದು 2023ರ ಆಗಸ್ಟಿನಲ್ಲಿ: ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಅದರ ನಿಯಮಗಳು ಹೊರಬಿದ್ದದ್ದು 2025ರ ನವೆಂಬರಿನಲ್ಲಿ. ಮುಖ್ಯ ಹೊಣೆಗಾರಿಕೆಗಳು ಜಾರಿಗೆ ಬರಲು 18 ತಿಂಗಳ ಗಡುವು, ಅಂದರೆ 2027ರ ಮೇ. ಕಾನೂನು ವಿದ್ಯಾರ್ಥಿಗಳು ಇಲ್ಲಿ ಸ್ವಲ್ಪ ಗಮನ ಕೊಡಬೇಕು. ವ್ಯಕ್ತಿಯೊಬ್ಬ ತನ್ನ ಸ್ವಂತ ಅಥವಾ ಮನೆಯ ಕೆಲಸಕ್ಕಾಗಿ ಬಳಸುವ ಮಾಹಿತಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ ಎಂದು ಮೂರನೇ ಕಲಮು ಹೇಳುತ್ತದೆ. ನಿಮ್ಮ ಹಜಾರದಲ್ಲಿ ಮಗುವನ್ನು ನೋಡಿಕೊಳ್ಳಲು ಇಟ್ಟ ಕ್ಯಾಮೆರಾ ಇದರಡಿ ಬರಬಹುದು. ಸಂಘ? ಕಾಯ್ದೆಯ ಪ್ರಕಾರ ನೋಂದಣಿಯಾಗಿರಲಿ ಬಿಡಲಿ, ಜನರ ಕೂಟವೂ ಹೊಣೆ ಹೊರಬಲ್ಲ ‘ವ್ಯಕ್ತಿ’ಯೇ, ಆದರೆ ಅದಕ್ಕೆ ಮನೆಯೆಂಬುದಿಲ್ಲ. ಹಾಗಾಗಿ ಸಂಘದ ಕ್ಯಾಮೆರಾ ವಿನಾಯಿತಿಯ ಹೊರಗೆ ನಿಲ್ಲುತ್ತದೆ ಎಂಬುದು ನನ್ನ ಓದು.

ನಿಮ್ಮ ಮನೆಯ ಗೇಟಿನ ಕ್ಯಾಮೆರಾ ಸಾರ್ವಜನಿಕ ರಸ್ತೆಯನ್ನು ನೋಡುತ್ತಿದ್ದರೆ ಏನು? ನಮ್ಮ ನ್ಯಾಯಾಲಯಗಳು ಈ ಕಾಯ್ದೆಯಡಿ ಇದಕ್ಕೆ ಉತ್ತರ ಕೊಡುವ ಕಾಲ ಇನ್ನೂ ಬಂದಿಲ್ಲ. ಯೂರೋಪಿನ ನ್ಯಾಯಾಲಯ 2014ರಲ್ಲೇ ಕೊಟ್ಟಿದೆ. ಚೆಕ್ ಗಣರಾಜ್ಯದಲ್ಲಿ ಒಬ್ಬ ಗೃಹಸ್ಥನ ಮನೆಯ ಮೇಲೆ ಮೇಲಿಂದ ಮೇಲೆ ದಾಳಿಯಾಗುತ್ತಿತ್ತು. ಕ್ಯಾಮೆರಾ ಹಾಕಿದ, ಕಿಟಕಿ ಒಡೆದವರು ಸಿಕ್ಕಿಬಿದ್ದರು. ಅವರಲ್ಲೊಬ್ಬ ಕ್ಯಾಮೆರಾದ ಮೇಲೆಯೇ ದೂರು ಕೊಟ್ಟ! ಕಾಲುದಾರಿಯನ್ನೂ ಎದುರುಮನೆಯ ಬಾಗಿಲನ್ನೂ ಹಿಡಿಯುವ ಕ್ಯಾಮೆರಾ ಬರೀ ಮನೆಯ ವಿಚಾರವಲ್ಲ ಎಂದು ನ್ಯಾಯಾಲಯ ಹೇಳಿತು. ಹಾಗೆಂದು ಆತ ಕ್ಯಾಮೆರಾ ಹಾಕಲೇಬಾರದು ಎನ್ನಲಿಲ್ಲ. ಮನೆ, ಆಸ್ತಿ ಕಾಯ್ದುಕೊಳ್ಳುವ ನ್ಯಾಯವಾದ ಹಿತಾಸಕ್ತಿಯನ್ನು ಅಲ್ಲಿನ ಕಾನೂನಿನಡಿ ತೂಗಿ ನೋಡಲು ಅವಕಾಶವಿದೆ ಎಂದಿತು. ನಮ್ಮ ಕಾಯ್ದೆಯಲ್ಲಿ ಆ ಬಾಗಿಲೇ ಇಲ್ಲ. ಒಪ್ಪಿಗೆ ಇರಬೇಕು, ಇಲ್ಲವೇ ಏಳನೇ ಕಲಮು ಪಟ್ಟಿ ಮಾಡಿದ ಬಳಕೆಗಳಲ್ಲಿ ಒಂದಾಗಿರಬೇಕು. ನೌಕರರ ವಿಷಯದಲ್ಲಿ ಮಾಲೀಕನ ನಷ್ಟ ತಪ್ಪಿಸುವ ಬಳಕೆ ಆ ಪಟ್ಟಿಯಲ್ಲಿದೆ. ದಾರಿಹೋಕನನ್ನು ಚಿತ್ರಿಸಿ ಬೀದಿ ಕಾಯುವುದು ಅಲ್ಲಿ ಸಲೀಸಾಗಿ ಕೂರುವುದಿಲ್ಲ. ಗೇಟಿನ ಬಳಿ ಫಲಕ ನೋಡಿಯೂ ಒಳಗೆ ಬಂದವನು ತಾನಾಗಿ ಮಾಹಿತಿ ಕೊಟ್ಟಂತೆ ಎಂದು ಸಂಘದ ವಕೀಲರು ವಾದಿಸಬಹುದು. ರಸ್ತೆಯ ಮೇಲೆ ಸುಮ್ಮನೆ ನಡೆದುಹೋದವನ ವಿಷಯದಲ್ಲಿ ಆ ವಾದ ನಿಲ್ಲುವುದು ಕಷ್ಟ. ಇದು ಕಾಯ್ದೆ ಬರೆದವರು ಬಿಟ್ಟ ಕಂದರ ಎಂದೇ ನನ್ನ ಅಭಿಪ್ರಾಯ, ತುಂಬಬೇಕಾದವರು ಪಾರ್ಲಿಮೆಂಟಿನವರು.

ಫಲಕದ ಮಾತು ಬಂತು. ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲೋ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲೋ ಓದುವ ಆಯ್ಕೆ ಜನರಿಗಿರಬೇಕು ಎಂದು ಕಾಯ್ದೆ ಹೇಳುತ್ತದೆ. ಹೂವು ಮಾರುವಾಕೆಗೆ ಓದಲು ಬರುವ ಭಾಷೆಯಲ್ಲಿ, ಯಾರು ಚಿತ್ರಿಸುತ್ತಿದ್ದಾರೆ, ಎಷ್ಟು ದಿನ ಇಡುತ್ತಾರೆ, ಯಾರಿಗೆ ಫೋನು ಮಾಡಬೇಕು ಎಂದು ಬರೆದ ಒಂದೇ ಒಂದು ಫಲಕವನ್ನು ನಮ್ಮ ಬಡಾವಣೆಗಳಲ್ಲಿ ನಾನು ಕಂಡಿಲ್ಲ.

ಮನೆಯೊಳಗಿನ ಗೋಡೆಗಳಿಗೂ ಕಾನೂನು ತಲುಪಿದೆ. ಕೋಲ್ಕತ್ತದ ಒಂದೇ ಮನೆಯಲ್ಲಿ ಇಬ್ಬರು ಅಣ್ಣತಮ್ಮಂದಿರಿದ್ದರು. ವಾಸದ ಭಾಗದಲ್ಲಿ ಒಬ್ಬ ಹಾಕಿಸಿದ ಕ್ಯಾಮೆರಾ ಇನ್ನೊಬ್ಬನ ಒಪ್ಪಿಗೆಯಿಲ್ಲದೆ ನಡೆಯಬಾರದು ಎಂದು ಅಲ್ಲಿನ ಹೈಕೋರ್ಟ್ 2025ರಲ್ಲಿ ಹೇಳಿತು. ಅದೇ ವರ್ಷ ಸುಪ್ರೀಂ ಕೋರ್ಟ್ ಅದರಲ್ಲಿ ಕೈಹಾಕಲು ಒಪ್ಪಲಿಲ್ಲ. ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ 2021ರಲ್ಲಿ ಒಬ್ಬ ನ್ಯಾಯಾಧೀಶರು ನೆರೆಯವನ ಬಾಗಿಲುಗಂಟೆಯ ಕ್ಯಾಮೆರಾ ಪ್ರಕರಣದಲ್ಲಿ ಚಿತ್ರಕ್ಕಿಂತ ಶಬ್ದಕ್ಕೆ ಹೆಚ್ಚು ಬೇಸರಪಟ್ಟರು, ಏಕೆಂದರೆ ಅದರ ಮೈಕು ದೂರದ ಮಾತುಕತೆಯನ್ನೂ ಹಿಡಿಯುತ್ತಿತ್ತು. ಈಗ ಮಾರುಕಟ್ಟೆಗೆ ಬರುವ ಎಷ್ಟೋ ಕ್ಯಾಮೆರಾಗಳಿಗೆ ಮೈಕು ಇದೆ, ಬಹಳ ಜನರಿಗೆ ಅದು ಗೊತ್ತೇ ಇಲ್ಲ. ಅದನ್ನು ಆರಿಸಿಬಿಡಿ. ಕಳ್ಳ ಮಾತಾಡುತ್ತಾ ಬರುವುದಿಲ್ಲ.

ಬೀಗ ಹಾಕದ ತಿಜೋರಿಯ ಕಥೆಯನ್ನು ಬೇಗ ಹೇಳಿ ಮುಗಿಸುತ್ತೇನೆ. 2025ರ ಫೆಬ್ರುವರಿಯಲ್ಲಿ ರಾಜ್‌ಕೋಟ್‌ನ ಒಂದು ಹೆರಿಗೆ ಆಸ್ಪತ್ರೆಯ ಕೋಣೆಯೊಳಗಿನ ದೃಶ್ಯಗಳು ಇಂಟರ್ನೆಟ್ಟಿನಲ್ಲಿ ಮಾರಾಟಕ್ಕಿದ್ದವು. ತನಿಖೆ ಸಾಗಿದಂತೆ ಬೇರೆ ಬೇರೆ ರಾಜ್ಯಗಳ ಕ್ಯಾಮೆರಾಗಳೂ ಹೀಗೆ ತೆರೆದುಕೊಂಡಿದ್ದವು ಎಂಬುದು ಹೊರಬಂತು. ಕಾರಖಾನೆಯಿಂದ ಬಂದ ಪಾಸ್‌ವರ್ಡನ್ನೇ ಹಾಗೇ ಬಿಡುವುದು ಇಂಥದ್ದಕ್ಕೆ ಹೆದ್ದಾರಿ. 2016ರಲ್ಲಿ ‘ಮಿರಾಯ್’ ಎಂಬ ಕುತಂತ್ರಾಂಶ ಇದೇ ದಾರಿಯಲ್ಲಿ ಲಕ್ಷಾಂತರ ಕ್ಯಾಮೆರಾ, ರೆಕಾರ್ಡರುಗಳನ್ನು ವಶಮಾಡಿಕೊಂಡು ಅಮೆರಿಕದ ದೊಡ್ಡ ದೊಡ್ಡ ತಾಣಗಳನ್ನೇ ಕೆಡವಿತ್ತು. ಕೇಂದ್ರ ಸರ್ಕಾರ 2024ರಲ್ಲಿ ಕ್ಯಾಮೆರಾಗಳ ಸುರಕ್ಷತೆಗೆ ಮಾನದಂಡ ಕಡ್ಡಾಯ ಮಾಡಿ ಮರುವರ್ಷದಿಂದ ಜಾರಿಗೆ ತಂದದ್ದು ಒಳ್ಳೆಯದೇ, ಆದರೆ ಕಂಬದ ಮೇಲೆ ಈಗಾಗಲೇ ಕೂತಿರುವ ಹಳೆಯ ಪೆಟ್ಟಿಗೆಗಳಿಗೆ ಅದರಿಂದ ಏನೂ ಆಗದು. ಸಂಘದ ಡಿವಿಆರ್ ಪಾಸ್‌ವರ್ಡ್ ಎಷ್ಟು ಜನಕ್ಕೆ ಗೊತ್ತು ಎಂದು ಇವತ್ತೇ ಕೇಳಿ ನೋಡಿ. ಹಾಕಿಕೊಟ್ಟ ಟೆಕ್ನಿಷಿಯನ್‌ಗೆ ಗೊತ್ತು ಎಂಬ ಉತ್ತರ ಬಂದರೆ ನನಗೆ ಆಶ್ಚರ್ಯವಿಲ್ಲ.

ಪೊಲೀಸರು ಬಂದು ಫುಟೇಜ್ ಕೇಳುತ್ತಾರೆ, ಕೊಡಲೇಬೇಕೇ ಎಂದು ಪದಾಧಿಕಾರಿಗಳು ಕೇಳುವುದುಂಟು. ಹೌದು, ತನಿಖೆಗೆ ಬೇಕಾದದ್ದನ್ನು ಹಾಜರುಪಡಿಸಲು ನಾಗರಿಕ ಸುರಕ್ಷಾ ಸಂಹಿತೆಯ 94ನೇ ಕಲಮಿನಡಿ ಅವರು ಲಿಖಿತ ಆದೇಶ ಕೊಡಬಹುದು. ಅಪರಾಧ ಪತ್ತೆಗಾಗಿ ಬಳಸುವುದಕ್ಕೆ ದತ್ತಾಂಶ ಕಾಯ್ದೆಯೂ ವಿನಾಯಿತಿ ಕೊಟ್ಟಿದೆ. ಆದರೆ ಲಿಖಿತವಾಗಿ ಕೇಳಿ ಎನ್ನುವುದು ಉದ್ಧಟತನವಲ್ಲ. ಪೆನ್ ಡ್ರೈವಿನಲ್ಲಿ ಸುಮ್ಮನೆ ಹಾಕಿಕೊಟ್ಟರೆ ಪ್ರಾಸಿಕ್ಯೂಷನ್‌ಗೇ ನಷ್ಟ. ಸಾಕ್ಷ್ಯ ಅಧಿನಿಯಮದ 63ನೇ ಕಲಮು ವಿದ್ಯುನ್ಮಾನ ದಾಖಲೆಗೆ ಪ್ರಮಾಣಪತ್ರ ಬೇಕೆನ್ನುತ್ತದೆ, ಆ ಕಡತದ ಹ್ಯಾಷ್ ಮೌಲ್ಯವನ್ನೂ, ಅಂದರೆ ಅದರ ಡಿಜಿಟಲ್ ಬೆರಳಚ್ಚನ್ನೂ, ಬರೆಯಬೇಕೆನ್ನುತ್ತದೆ. ಡಿವಿಆರ್ ಗಡಿಯಾರ ನಲವತ್ತು ನಿಮಿಷ ಹಿಂದಿದ್ದರೆ ಎದುರು ವಕೀಲರಿಗೆ ಅಷ್ಟೇ ಸಾಕು.

ಕಾಣೆಯಾದ ಫುಟೇಜ್ ಕೂಡ ನ್ಯಾಯಾಲಯದಲ್ಲಿ ಮಾತಾಡುತ್ತದೆ. ವಾರಾಣಸಿಯ ಒಂದು ಹೋಟೆಲಿನಲ್ಲಿ 2010ರಲ್ಲಿ ಒಬ್ಬ ವಿದೇಶಿ ಪ್ರವಾಸಿ ಸತ್ತ. ಅವನ ಇಬ್ಬರು ಇಟಾಲಿಯನ್ ಸಂಗಾತಿಗಳಿಗೆ ಕೊಲೆಯ ಶಿಕ್ಷೆಯಾಯಿತು. ಹೋಟೆಲಿನಲ್ಲಿ ಕ್ಯಾಮೆರಾಗಳಿದ್ದವು, ಅವುಗಳ ಚಿತ್ರಗಳನ್ನು ಪ್ರಾಸಿಕ್ಯೂಷನ್ ಹಾಜರುಪಡಿಸಲಿಲ್ಲ. ಇದ್ದ ಅತ್ಯುತ್ತಮ ಸಾಕ್ಷ್ಯವನ್ನು ತರದವರ ವಿರುದ್ಧವೇ ತರ್ಕ ಹೋಗಬೇಕು ಎಂದು ಹೇಳಿ ಸುಪ್ರೀಂ ಕೋರ್ಟ್ 2015ರಲ್ಲಿ ಇಬ್ಬರನ್ನೂ ಬಿಡುಗಡೆ ಮಾಡಿತು.

ಇದೇ ತತ್ವವನ್ನು ಪೊಲೀಸ್ ಠಾಣೆಗೆ ಒಯ್ಯಿರಿ. 2020ರ ಡಿಸೆಂಬರಿನಲ್ಲಿ ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ದೇಶದ ಪ್ರತಿ ಠಾಣೆಯ ಒಳಹೊರಗೆ, ಲಾಕಪ್ಪಿನಲ್ಲಿ, ಪಡಸಾಲೆಯಲ್ಲಿ ಕ್ಯಾಮೆರಾ ಇರಬೇಕು, ಚಿತ್ರ ಕನಿಷ್ಠ ಒಂದು ವರ್ಷ ಉಳಿಯಬೇಕು ಎಂದಿತು. 2025ರ ಸೆಪ್ಟೆಂಬರಿನಲ್ಲಿ, ರಾಜಸ್ಥಾನದ ಕಸ್ಟಡಿ ಸಾವುಗಳ ಬಗ್ಗೆ ಪತ್ರಿಕೆಯಲ್ಲಿ ಬಂದ ವರದಿ ಓದಿ, ಠಾಣೆಗಳಲ್ಲಿ ಕ್ಯಾಮೆರಾಗಳು ನಡೆಯುತ್ತಿಲ್ಲವೇಕೆ ಎಂದು ಅದೇ ನ್ಯಾಯಾಲಯ ತಾನಾಗಿಯೇ ಪ್ರಕರಣ ದಾಖಲಿಸಿಕೊಳ್ಳಬೇಕಾಯಿತು. ನಮ್ಮ ಬೀದಿಯ ಕ್ಯಾಮೆರಾ ಕೆಟ್ಟರೆ ನಾಲ್ಕು ದಿನದಲ್ಲಿ ರಿಪೇರಿ ಮಾಡಿಸುತ್ತೇವೆ. ಸಂಘದ ಸಭೆಗೆ ಇನ್‌ಸ್ಪೆಕ್ಟರ್ ಬಂದಾಗ ಠಾಣೆಯ ಕ್ಯಾಮೆರಾ ಹೇಗಿದೆ ಎಂದು ಯಾರಾದರೂ ಒಮ್ಮೆ ಕೇಳಬಹುದು.

ಉಳಿದದ್ದು ಮನೆಗೆಲಸದವರ ವಿಷಯ, ಅದಕ್ಕೆ ನಾನು ಬಹಳ ತೂಕ ಕೊಡುತ್ತೇನೆ. ಮೂರು ಮನೆಗಳಲ್ಲಿ ಪಾತ್ರೆ ತೊಳೆಯುವ ಹೆಂಗಸಿನ ಮೇಲೆ ಒಂದು ಮನೆಯವರು ಬಳೆ ಕದ್ದ ಆರೋಪ ಹೊರಿಸಿದರು ಎನ್ನಿ. ಆ ಮಧ್ಯಾಹ್ನ ಆಕೆ ಒಳಗೆ ಬಂದ ಹೊತ್ತು, ಹೊರಟ ಹೊತ್ತು, ಕೈಯಲ್ಲಿ ಏನಿತ್ತು ಎಲ್ಲವೂ ಸಂಘದ ಡಿವಿಆರ್‌ನಲ್ಲಿವೆ. ಮಾಲೀಕರು ಕೇಳಿದರೆ ಕಾರ್ಯದರ್ಶಿ ಹತ್ತು ನಿಮಿಷದಲ್ಲಿ ತೋರಿಸುತ್ತಾರೆ. ಆಕೆ ಕೇಳಿದರೆ? ಹೊಸ ಕಾಯ್ದೆಯ 11ನೇ ಕಲಮು ತನ್ನ ಮಾಹಿತಿ ಕೇಳುವ ಹಕ್ಕು ಕೊಡುತ್ತದೆ, ಆದರೆ ಒಪ್ಪಿಗೆ ಕೊಟ್ಟವರಿಗೆ ಅಥವಾ ತಾವಾಗಿ ಮಾಹಿತಿ ಕೊಟ್ಟವರಿಗೆ. ಅದೂ ಸಾರಾಂಶವನ್ನು ಪಡೆಯುವ ಹಕ್ಕು. ಚಿತ್ರದ ಪ್ರತಿ ಸಿಗುತ್ತದೆ ಎಂದು ಅಲ್ಲಿ ಬರೆದಿಲ್ಲ. ಆಕೆ ವಕೀಲರನ್ನು ಹುಡುಕಿ ನ್ಯಾಯಾಲಯಕ್ಕೆ ಹೋಗುವಷ್ಟರಲ್ಲಿ ಹೊಸ ಚಿತ್ರಗಳು ಹಳೆಯದರ ಮೇಲೆ ಕೂತಿರುತ್ತವೆ.

ಕಾಯ್ದೆ ಕೊಡುವುದಕ್ಕಿಂತ ಹೆಚ್ಚನ್ನು ಕೊಡಬಾರದು ಎಂದು ಯಾವ ಕಾನೂನೂ ಸಂಘವನ್ನು ತಡೆದಿಲ್ಲ. ಆರೋಪಕ್ಕೆ ಗುರಿಯಾದವರು ಯಾರೇ ಆಗಲಿ, ಬಾಯಿಮಾತಿನಲ್ಲಿ ಕೇಳಿದರೂ ಆ ದಿನದ ಚಿತ್ರವನ್ನು ಅಳಿಸದೆ ತೆಗೆದಿಡಬೇಕು, ಅವರಿಗೂ ತೋರಿಸಬೇಕು. ಯಾರು, ಯಾವಾಗ, ಯಾತಕ್ಕೆ ನೋಡಿದರು ಎಂದು ಒಂದು ಪುಸ್ತಕದಲ್ಲಿ ಸಹಿ ಹಾಕಬೇಕು. ಗುಂಪಿಗೆ ತುಣುಕು ಹಾಕಿದ ಪದಾಧಿಕಾರಿ ಹುದ್ದೆ ಬಿಡಬೇಕು. ಇಷ್ಟನ್ನು ನಿಮ್ಮ ಬೈಲಾಗೆ ಸೇರಿಸಲು 2027ರ ಮೇ ತನಕ ಕಾಯಬೇಕಿಲ್ಲ. ನಿಮ್ಮ ವಾರ್ಷಿಕ ಮಹಾಸಭೆ ಅದಕ್ಕಿಂತ ಮೊದಲೇ ಬರುತ್ತದೆ. ಆ ಸಭೆಗೆ ಮನೆಗೆಲಸದವರಲ್ಲಿ ಇಬ್ಬರನ್ನಾದರೂ ಕರೆದು ಕೂರಿಸಿ, ಕರಡನ್ನು ಅವರಿಗೆ ಓದಿ ಹೇಳಿ, ಆಮೇಲೆ ಮತಕ್ಕೆ ಹಾಕಿ.